ಕಾಲು ಹೋತಂತ ನಾಯಿ ಬಿಡಬ್ಯಾಡ್ರಿ

ಕಬ್ಬಿನ ಹಂಗಾಮು ಶುರುವಾದರೆ ಅಕ್ಕೋಳ, ನಿಪ್ಪಾಣಿ, ಚಿಕ್ಕೋಡಿ ಭಾಗದ ರಸ್ತೆಗಳಲ್ಲಿ ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳದ್ದೇ ಓಡಾಟ. ತೋಟದ ಮನೆ ಕಾಯುವ ನಾಯಿ, ಕುರಿ ಹಿಂಡಿನ ಜೊತೆ ನಡೆಯುವ ನಾಯಿ ಇದೇ ರಸ್ತೆ ದಾಟಬೇಕು. ಗಾಲಿಗೆ ಸಿಕ್ಕ ಕಾಲು ನುಜ್ಜುಗುಜ್ಜಾದರೆ ವೈದ್ಯರು 'ಕಾಲು ತೆಗೀಬೇಕು' ಅನ್ನುತ್ತಾರೆ. ಆಗ ಮನೆಯವರ ಬಾಯಿಂದ ಬರುವ ಮಾತು ಹೆಚ್ಚಾಗಿ ಒಂದೇ: 'ಇಷ್ಟ ದೊಡ್ಡ ನಾಯಿ, ಮೂರು ಕಾಲಿನ ಮ್ಯಾಲ ಹ್ಯಾಂಗ ನಿಂದರ್ತೈತ್ರಿ? ಬಿಟ್ಟುಬಿಡೂಣು.'

ಈ ಮಾತಿಗೆ ನಮ್ಮ ತಕರಾರಿದೆ. ದೊಡ್ಡ ನಾಯಿಯೂ ಮೂರು ಕಾಲಿನ ಮೇಲೆ ನಿಲ್ಲುತ್ತದೆ, ನಡೆಯುತ್ತದೆ, ಓಡುತ್ತದೆ. ನಿರ್ಧಾರ ಮಾಡುವಾಗ ನೋಡಬೇಕಾದದ್ದು ಹೋಗುವ ಕಾಲನ್ನಲ್ಲ, ಉಳಿಯುವ ಮೂರು ಕಾಲುಗಳನ್ನು.

ನಾಯಿಯ ಮೈಭಾರದಲ್ಲಿ ಸುಮಾರು 60 ಪಾಲು ಮುಂಗಾಲುಗಳ ಮೇಲೆ, 40 ಪಾಲು ಹಿಂಗಾಲುಗಳ ಮೇಲೆ ಬೀಳುತ್ತದೆ. ಹಾಗಾಗಿ ಹಿಂಗಾಲು ಹೋದ ನಾಯಿ ಬೇಗ ಹೊಂದಿಕೊಳ್ಳುತ್ತದೆ. ಮುಂಗಾಲು ಹೋದದ್ದಕ್ಕೆ ಸ್ವಲ್ಪ ಹೆಚ್ಚು ದಿನ ಬೇಕು. ಉಳಿದ ಕಾಲುಗಳಲ್ಲಿ ಸಂಧಿವಾತ ಇದೆಯೇ, ಸೊಂಟದ ಕೀಲು ಸರಿ ಇದೆಯೇ, ನಾಯಿ ಕೊಬ್ಬಿದೆಯೇ? ಈ ಮೂರು ಪ್ರಶ್ನೆಯನ್ನು ವೈದ್ಯರಿಗೆ ಕೇಳಿ. ಉತ್ತರ ಚೆನ್ನಾಗಿದ್ದರೆ ನಾಯಿ ದೊಡ್ಡದು ಎಂಬ ಒಂದೇ ಕಾರಣಕ್ಕೆ ಹಿಂಜರಿಯಬೇಡಿ.

ಮುರಿದ ಕಾಲನ್ನೆಲ್ಲ ತೆಗೆಯಬೇಕಾಗಿಯೂ ಇಲ್ಲ. ರಾಡು, ಪ್ಲೇಟು ಹಾಕಿ ಉಳಿಸಬಹುದಾದದ್ದು ಎಷ್ಟೋ. ಎಲುಬು ಪುಡಿಯಾಗಿ ಮಾಂಸ ಕೊಳೆಯತೊಡಗಿದರೆ, ನರ ಹರಿದು ಕಾಲು ಸತ್ತಂತೆ ಎಳೆಯುತ್ತಿದ್ದರೆ, ಇಲ್ಲವೇ ಎಲುಬಿನ ಕ್ಯಾನ್ಸರ್ ಆಗಿದ್ದರೆ ತೆಗೆಯುವ ಮಾತು ಬರುತ್ತದೆ. ಈ ಕ್ಯಾನ್ಸರ್ ದೊಡ್ಡ ತಳಿಗಳಲ್ಲೇ ಹೆಚ್ಚು. ಪೆಟ್ಟೇ ಬೀಳದೆ ನಾಯಿ ವಾರಗಟ್ಟಲೆ ಕುಂಟಿದರೆ, ಕೀಲಿನ ಹತ್ತಿರ ಗಟ್ಟಿ ಬಾವು ಕಂಡರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ, ಎಕ್ಸ್‌ರೇ ಮಾಡಿಸಿ. ಕ್ಯಾನ್ಸರಿನಲ್ಲಿ ಕಾಲು ತೆಗೆದರೆ ನೋವು ನಿಲ್ಲುತ್ತದೆ, ಆದರೆ ರೋಗ ಪೂರ್ತಿ ಹೋಗುವುದು ಅಪರೂಪ. ಬರೀ ಕಾಲು ತೆಗೆದ ಹೆಚ್ಚಿನ ನಾಯಿಗಳಿಗೆ ಸಿಗುವುದು ಕೆಲವು ತಿಂಗಳು. ಇದನ್ನು ತಿಳಿದೇ ನಿರ್ಧರಿಸಬೇಕು.

ಅಪಘಾತವಾದ ಗಳಿಗೆಯಲ್ಲಿ ರಕ್ತ ಬರುವ ಜಾಗವನ್ನು ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ನಾಯಿಯನ್ನು ಕಾಲು ಹಿಡಿದು ಎತ್ತಬೇಡಿ. ಹಲಗೆಯ ಮೇಲೋ ಕೌದಿಯ ಮೇಲೋ ಮಲಗಿಸಿ ಒಯ್ಯಿರಿ. ನೋವಿನಲ್ಲಿ ಸಾಕಿದ ನಾಯಿಯೂ ಕಚ್ಚೀತು, ಹುಷಾರು. ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ 15 ನಿಮಿಷ ತೊಳೆದು, ಅವತ್ತೇ ರೇಬಿಸ್ ಲಸಿಕೆಗೆ ಹೋಗಿ. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಗುಳಿಗೆ ಕೊಡಲೇಬೇಡಿ. ನಮಗೆ ನೋವು ಇಳಿಸುವ ಗುಳಿಗೆ ನಾಯಿಯ ಹೊಟ್ಟೆ, ಕಿಡ್ನಿ, ಲಿವರ್ ಕೆಡಿಸಬಲ್ಲದು. ಪಶು ಸಂಜೀವಿನಿಯ ಸಹಾಯವಾಣಿ 1962, ಎಲ್ಲರ ಫೋನಿನಲ್ಲೂ ಇರಲಿ.

ಆಪರೇಷನ್ ಮುಗಿಸಿ ಬಂದ ನಾಯಿಯನ್ನು ನೋಡಿ ಎಷ್ಟೋ ಮಂದಿ ಗಾಬರಿಯಾಗುತ್ತಾರೆ: 'ಪಾದಕ್ಕ ಪೆಟ್ಟಾಗಿದ್ರ ಪೂರಾ ಕಾಲ ಯಾಕ ತಗದ್ರು?' ಅರ್ಧ ಉಳಿಸಿದ ಕಾಲನ್ನು ನಾಯಿ ನೆಲಕ್ಕೆ ಊರಲು ನೋಡುತ್ತದೆ. ತುದಿ ಉಜ್ಜಿ ಹುಣ್ಣಾಗುತ್ತದೆ. ಅದಕ್ಕೇ ಸಾಮಾನ್ಯವಾಗಿ ಮುಂಗಾಲನ್ನು ಹೆಗಲಿನವರೆಗೆ, ಹಿಂಗಾಲನ್ನು ತೊಡೆಯ ಮೇಲ್ಭಾಗದವರೆಗೆ ತೆಗೆಯುತ್ತಾರೆ.

ಹೆಚ್ಚಿನ ನಾಯಿಗಳು ಒಂದೆರಡು ದಿನದಲ್ಲಿ ಎದ್ದು ನಿಲ್ಲುತ್ತವೆ. ಹೊಲಿಗೆ ಬಿಚ್ಚಲು 10ರಿಂದ 14 ದಿನ. ಆ ಎರಡು ಮೂರು ವಾರ ಮನೆಯವರದ್ದೇ ಪರೀಕ್ಷೆ.

ನುಣುಪಾದ ಫರಸಿ ಅದಕ್ಕೆ ವೈರಿ. ಓಡಾಡುವ ಕಡೆ ಗೋಣಿತಟ್ಟು ಹಾಸಿ. ಹಿಂಗಾಲು ಹೋಗಿದ್ದರೆ ಹಳೆ ಸೀರೆಯನ್ನು ಹೊಟ್ಟೆಯ ಕೆಳಗೆ ತೂರಿಸಿ ಎರಡೂ ತುದಿ ಹಿಡಿದು ನಡೆಸಿ. ಮುಂಗಾಲು ಹೋಗಿದ್ದರೆ ಎದೆಗೆ ಆಸರೆ ಕೊಡಿ, ಊಟದ ಬುಟ್ಟಲು ಸ್ವಲ್ಪ ಎತ್ತರಕ್ಕಿಡಿ. ಹೊಲಿಗೆ ನೆಕ್ಕದಂತೆ ಕೊರಳಿಗೆ ಪ್ಲಾಸ್ಟಿಕ್ ಕಾಲರ್ ಹಾಕಿ. ಅರಿಷಿಣ, ಬೂದಿ, ಸೀಮೆಎಣ್ಣೆ ಗಾಯಕ್ಕೆ ಮುಟ್ಟಿಸಬೇಡಿ. ನೊಣ ಕೂತರೆ ಹುಳ ಬೀಳುತ್ತದೆ, ಅದಕ್ಕೆ ಕೊಟ್ಟಿಗೆಯಿಂದ ದೂರ, ಒಣಗಿದ ಜಾಗದಲ್ಲಿ ಮಲಗಿಸಿ. ಕೀವು, ದುರ್ವಾಸನೆ, ಜ್ವರ ಕಂಡರೆ ಅಥವಾ ಊಟ ಬಿಟ್ಟರೆ ಅವತ್ತೇ ವೈದ್ಯರಿಗೆ ತೋರಿಸಿ. ಗಾಯ ಮಾಯ್ದ ಮೇಲೂ ಕೆಲವು ನಾಯಿಗಳು ಇಲ್ಲದ ಕಾಲಿನ ನೋವಿಗೆ ಚೀರುತ್ತವೆ. ಅದಕ್ಕೂ ಔಷಧ ಉಂಟು.

ಆಮೇಲೆ ಜೀವನಪೂರ್ತಿ ನೆನಪಿಡಬೇಕಾದದ್ದು ತೂಕ. ಪಕ್ಕೆಲುಬು ಕೈಗೆ ಸಿಗುವಂತಿರಬೇಕು. ಪ್ರೀತಿಯಿಂದ ಹಾಕಿದ ಪ್ರತಿ ಹೆಚ್ಚುವರಿ ರೊಟ್ಟಿಯ ಭಾರವನ್ನು ಹೊರುವುದು ಮೂರೇ ಕಾಲು.

'ದನಕ್ಕ ಇಲ್ಲದ ರೊಕ್ಕ ನಾಯಿಗೆ ಎಲ್ಲಿಂದ ತರೂದ್ರಿ?' ಅಂತ ಕೇಳುವವರನ್ನು ನಾವು ಹೀಯಾಳಿಸುವುದಿಲ್ಲ. ತಂಬಾಕು, ಕಬ್ಬಿನ ದುಡ್ಡು ವರ್ಷಕ್ಕೊಮ್ಮೆ ಕಾಣುವ ಮನೆಗೆ ಆಪರೇಷನ್ ಖರ್ಚು ಸಣ್ಣದಲ್ಲ. ಉಳಿದ ಕಾಲುಗಳೂ ಸೋತಿದ್ದರೆ, ನೋವು ತಡೆಯಲು ಆಗದಿದ್ದರೆ ವೈದ್ಯರ ಕೈಯಿಂದ ನೋವಿಲ್ಲದ ಸಾವು ಕೊಡಿಸುವುದೂ ದಯೆಯೇ. ಆದರೆ ರಾತ್ರಿ ಒಯ್ದು ಹೆದ್ದಾರಿ ಬದಿಗೆ ಬಿಟ್ಟು ಬರುವುದು, ಅನ್ನದಲ್ಲಿ ವಿಷ ಹಾಕುವುದು ದಯೆಯಲ್ಲ. ಸಾಕಿದ ಪ್ರಾಣಿಯನ್ನು ಹಸಿವಿಗೆ, ನೋವಿಗೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ.

ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯ ಹೆಸರು ಹೇಳಿ ನಾವೆಲ್ಲ ಮೀಸೆ ತಿರುವುತ್ತೇವೆ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಸ್ಟ್ಯಾಂಪು ತಂದಿತು. 2016ರಲ್ಲಿ ಸೇನೆ ತರಬೇತಿಗೆಂದು ಅದನ್ನು ಮೀರತ್‌ಗೆ ಒಯ್ದಿತು. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಈ ತಳಿಗೆಂದೇ ಸಂಶೋಧನಾ ಕೇಂದ್ರವಿದೆ. ಓಟಕ್ಕೆ ಹೆಸರಾದ ನಾಯಿಗೆ ಇಷ್ಟೆಲ್ಲ ಮರ್ಯಾದೆ ಕೊಡುವ ನಾವು, ಅದೇ ನಾಯಿ ಓಡಲಾಗದ ದಿನ ಮುಖ ತಿರುಗಿಸಿದರೆ ಆ ಹೆಮ್ಮೆಗೆ ಏನು ಬೆಲೆ? ದಡ್ಡಿಯ ಮುಂದೆ ಮಲಗಿ ಬೊಗಳಲು ಅದಕ್ಕೆ ನಾಲ್ಕು ಕಾಲು ಬೇಕಿಲ್ಲ. ಕಿವಿ, ಮೂಗು, ಗಂಟಲು ಹಾಗೆಯೇ ಇರುತ್ತವೆ.

ಇದು ಒಂದೊಂದು ಮನೆಯ ಕರುಣೆಗೆ ಬಿಡುವ ಕೆಲಸವೂ ಅಲ್ಲ. ತಾಲೂಕು ಪಶು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಸಣ್ಣ ಪ್ರಾಣಿಗಳ ಶಸ್ತ್ರಚಿಕಿತ್ಸೆಗೆ ಮೀಸಲಿರಲಿ. ಎಕ್ಸ್‌ರೇಗಾಗಿ ಜಿಲ್ಲಾ ಕೇಂದ್ರಕ್ಕೋ ಗಡಿ ದಾಟಿ ಕೊಲ್ಹಾಪುರಕ್ಕೋ ಅಲೆಯುವುದು ತಪ್ಪಲಿ. ಹಂಗಾಮು ಶುರುವಾಗುವ ಮೊದಲು ಸಕ್ಕರೆ ಕಾರ್ಖಾನೆಗಳು ಟ್ರ್ಯಾಕ್ಟರ್ ಚಾಲಕರಿಗೆ ಊರೊಳಗೆ ನಿಧಾನ ಹೋಗಲು ತಾಕೀತು ಮಾಡಲಿ. ಅದರಿಂದ ನಾಯಿಯಷ್ಟೇ ಅಲ್ಲ, ಶಾಲೆಗೆ ಹೋಗುವ ಮಕ್ಕಳ ಕಾಲೂ ಉಳಿಯುತ್ತದೆ. ಮುಂದಿನ ಗ್ರಾಮಸಭೆಗೆ ಹೋದಾಗ ಈ ಮೂರು ಮಾತು ಎತ್ತಿರಿ. ನಾವೂ ನಮ್ಮ ನಮ್ಮ ಊರಲ್ಲಿ ಎತ್ತುತ್ತೇವೆ.