ಹತ್ತುಮೀನಿಗೆ ದಾರಿ ಬಿಡೋಣ

ಮೃಗಶಿರ ಮಳೆ ಹಿಡಿಯಿತೆಂದರೆ ಮಲೆನಾಡಿನ ಹಳ್ಳಿಗಳಲ್ಲಿ ಹತ್ತುಮೀನಿನದ್ದೇ ಮಾತು. ಹೊಳೆಯಲ್ಲಿ ಕೆಂಪು ನೀರು ಏರಿದಂತೆ ಮೀನುಗಳು ಹಳ್ಳ ಹತ್ತಿ ಗದ್ದೆಯವರೆಗೂ ಬರುತ್ತವೆ. ಅವು ಬರುವುದು ಮೊಟ್ಟೆಯಿಡಲು. ನಾವು ಆ ದಾರಿಯಲ್ಲೇ ಬಲೆ ಒಡ್ಡಿ ಕೂರುತ್ತೇವೆ. ದೊಡ್ಡದೊಂದು ಗೆಂಡೆಯ ಹೊಟ್ಟೆಯಲ್ಲಿ ಲಕ್ಷಕ್ಕೂ ಮಿಕ್ಕಿ ಮೊಟ್ಟೆ. ಒಂದು ಹೊತ್ತಿನ ಸಾರಿಗೆ ಅಷ್ಟೂ ಹೋಯಿತು.

ಹಿಂದಿನವರೂ ಹಿಡಿಯುತ್ತಿದ್ದರಲ್ಲ ಎನ್ನುತ್ತೀರಿ. ನಿಜ. ಆದರೆ ಅವರ ಬಿದಿರಿನ ಕೂಣಿಯ ಸಂದಿಯಲ್ಲಿ ಸಣ್ಣ ಮೀನು ನುಸುಳಿ ಹೋಗುತ್ತಿತ್ತು. ಈಗಿನ ಸೊಳ್ಳೆಪರದೆಯಂಥ ಬಲೆಯಲ್ಲಿ ಮರಿಯೂ ಉಳಿಯುವುದಿಲ್ಲ.

ನಮ್ಮ ಜೀವದ ಮಾತೂ ಇದೆ. ನಮ್ಮೂರಲ್ಲಿ ಮಳೆ ಹೊಳವಾಗಿದ್ದರೂ ಘಟ್ಟದ ತಲೆಯಲ್ಲಿ ಸುರಿದರೆ ಹೊಳೆ ನೋಡನೋಡುತ್ತಲೇ ಏರುತ್ತದೆ. ಮೇಲಿನ ಅಣೆಕಟ್ಟಿನ ಗೇಟು ತೆಗೆದರೆ, ನಡುಹೊಳೆಯ ಬಂಡೆಯ ಮೇಲೆ ಗಾಳ ಹಿಡಿದು ಕೂತವರಿಗೆ ದಡ ಸೇರಲು ಪುರುಸೊತ್ತೇ ಸಿಗುವುದಿಲ್ಲ.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ದಡದಲ್ಲೇ ಇರುತ್ತವೆ. ಅದೇ ದುಡಿಮೆಯಿಂದ ಬದುಕುವವರೇ ಅಷ್ಟು ದಿನ ಕಾಯುವಾಗ, ನಾಲಿಗೆ ರುಚಿಗೆ ಹೊಳೆಗಿಳಿಯುವ ನಾವು ಮೊದಲ ಎರಡು ವಾರವಾದರೂ ಕಾಯಬಾರದೇ? ಹಳ್ಳಕ್ಕೆ ಅಡ್ಡಲಾಗಿ ಬಲೆ ಕಟ್ಟುವುದಿಲ್ಲವೆಂದು ಈ ಸಲದ ಗ್ರಾಮಸಭೆಯಲ್ಲೇ ಮಾತಾಡಿಕೊಳ್ಳೋಣ. ಮೀನು ಹತ್ತಲಿ, ಮರಿಗಳು ಹೊಳೆಗೆ ಇಳಿಯಲಿ. ಗಾಳ ಎಲ್ಲೂ ಓಡಿಹೋಗುವುದಿಲ್ಲ.