‘ಕ’ ಅಂದರೆ 3221

ಕಳೆದ ತಿಂಗಳು ಈ ಅಂಕಣ ತಪ್ಪಿತು. ವಿಚಾರಿಸಿಕೊಂಡ ಓದುಗರಿಗೆ ಧನ್ಯವಾದ. ಕಾರಣ ದೊಡ್ಡದೇನಲ್ಲ. ಆಫೀಸು, ಮಕ್ಕಳ ಹೋಂವರ್ಕು ಎಲ್ಲ ಮುಗಿದ ಮೇಲೆ ಸಿಗುವ ನನ್ನ ಎರಡು ಗಂಟೆಗಳನ್ನು ಒಂದು ವೆಬ್ ಸರ್ವರ್ ನುಂಗಿಬಿಟ್ಟಿತ್ತು. ಇವತ್ತು ಅದೇ ಕಥೆ. ಐಟಿಯವರಲ್ಲದವರು ಪುಟ ತಿರುಗಿಸಬೇಡಿ. ಇದು ಕೊನೆಗೂ ಹೆಸರಿನ ವಿಷಯ.

ನಮ್ಮ ಅಪ್ಪ ಭಾಲ್ಕಿ ಕಡೆಯ ನಿವೃತ್ತ ಕನ್ನಡ ಮಾಸ್ತರು. ಸುತ್ತಲಿನ ಹಳ್ಳಿಗಳಲ್ಲಿ ತತ್ವಪದ ಹಾಡುವ ಹಿರಿಯರ ದನಿಯನ್ನು ಮೊಬೈಲಿನಲ್ಲಿ ಹಿಡಿದಿಡುವುದು ಅವರ ಹವ್ಯಾಸ. ಇಲ್ಲಿಯವರೆಗೆ 212 ಫೈಲುಗಳಾಗಿವೆ. ಹಾಡಿದವರ ಹೆಸರು, ಊರು, ಪದದ ಮೊದಲ ಸಾಲು, ಎಲ್ಲವನ್ನೂ ಫೈಲಿನ ಹೆಸರಿನಲ್ಲೇ ಕನ್ನಡದಲ್ಲಿ ಬರೆದಿಟ್ಟಿದ್ದಾರೆ. ಬೇರೆ ಪಟ್ಟಿ ಇಲ್ಲ. ಹಾಡಿದವರಲ್ಲಿ ಕೆಲವರು ಈಗ ಇಲ್ಲ.

ಇವನ್ನು ಮನೆಮಂದಿಯೆಲ್ಲ ಕೇಳುವಂತೆ ಮಾಡೋಣವೆಂದು ಇಲ್ಲಿ ಹೈದರಾಬಾದಿನ ನಮ್ಮ ಫ್ಲ್ಯಾಟಿನ ಹಳೆಯ ಕಂಪ್ಯೂಟರಿನಲ್ಲಿ ಒಂದು ಓಪನ್ ಸೋರ್ಸ್ ವೆಬ್ ಸರ್ವರ್ ಹಾಕಿದೆ. ಅದು ಎರ್ಲಾಂಗ್ ಎಂಬ ಭಾಷೆಯಲ್ಲಿ ಬರೆದದ್ದು. ಆಫೀಸಿನಲ್ಲಿ ನಾನು ಅದೇ ಭಾಷೆಯಲ್ಲಿ ಅನ್ನ ದುಡಿಯುವವನು, ಹಾಗಾಗಿ ಅದೇ ಕೈಗೆ ಸಿಕ್ಕಿತು. ಮರುದಿನ ಅಪ್ಪನ ಫೋನು: ‘ತಮ್ಮಾ, ಎರರ್ ಅಂತ ಬರ್ಲತದ. ನಾ ಹೆಸರೆಲ್ಲ ಇಂಗ್ಲಿಷಿನಾಗ ಬದಲ್ ಮಾಡ್ಬೇಕೇನು?’

ಎರ್ಲಾಂಗ್ ಬಗ್ಗೆ ಎರಡು ಮಾತು. 1986ರ ಸುಮಾರಿಗೆ ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ ಜೋ ಆರ್ಮ್‌ಸ್ಟ್ರಾಂಗ್, ರಾಬರ್ಟ್ ವಿರ್ಡಿಂಗ್, ಮೈಕ್ ವಿಲಿಯಮ್ಸ್ ಸೇರಿ ಟೆಲಿಫೋನ್ ಎಕ್ಸ್‌ಚೇಂಜುಗಳಿಗಾಗಿ ಕಟ್ಟಿದ ಭಾಷೆ ಇದು. 1998ರಲ್ಲಿ ಓಪನ್ ಸೋರ್ಸ್ ಆಯಿತು. ಜಾವಾ, ಪೈಥಾನ್ ಬಲ್ಲವರು ಓಣಿಗೆ ಹತ್ತು ಮಂದಿ ಸಿಕ್ಕರೆ ಇದನ್ನು ಬಲ್ಲವರು ಊರಿಗೊಬ್ಬರು. ಆದರೂ ನೀವು ದಿನಾ ಬಳಸುವ ವಾಟ್ಸಾಪ್ ನಿಂತಿರುವುದು ಇದರ ಮೇಲೆಯೇ. ಯಾಸ್, ಕೌಬಾಯ್ ಎಂಬ ವೆಬ್ ಸರ್ವರ್‌ಗಳೂ ಇದರಲ್ಲೇ ಹುಟ್ಟಿದವು. ‘ಕೆಡುವುದು ಕೆಡಲಿ, ಉಳಿದದ್ದು ನಡೆಯಲಿ’ ಎನ್ನುವುದು ಇದರ ಧರ್ಮ. ಒಂದು ಕರೆ ಕಟ್ಟಾದರೆ ಇಡೀ ಎಕ್ಸ್‌ಚೇಂಜ್ ಮಲಗಬಾರದಲ್ಲ! ಅದಕ್ಕೇ ಅಪ್ಪನ ಪುಟ ಬಿದ್ದರೂ ಸರ್ವರ್ ತನ್ನ ಪಾಡಿಗೆ ನಡೆದೇ ಇತ್ತು.

ಬಿದ್ದದ್ದೇಕೆ? ಕಂಪ್ಯೂಟರಿಗೆ ಅಕ್ಷರವೆಂದರೆ ಒಂದು ಸಂಖ್ಯೆ. ಯೂನಿಕೋಡಿನಲ್ಲಿ ನಮ್ಮ ‘ಕ’ದ ಸಂಖ್ಯೆ 3221. ಆದರೆ ಒಂದು ಬೈಟಿನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 255. ಇಂಗ್ಲಿಷ್ ಅಕ್ಷರಗಳು ಅದರೊಳಗೆ ಬರುತ್ತವೆ, ಸ್ವೀಡಿಷಿನ ಚುಕ್ಕಿ ಅಕ್ಷರಗಳೂ ಬರುತ್ತವೆ. ‘ಕ’ವನ್ನು ಮಾತ್ರ ಯುಟಿಎಫ್-8 ಪದ್ಧತಿಯಲ್ಲಿ ಮೂರು ಬೈಟುಗಳಾಗಿ ಬಿಡಿಸಿಡಬೇಕು. ಸರ್ವರಿನಲ್ಲಿ ಫೈಲುಗಳ ಪಟ್ಟಿ ತೋರಿಸುವ ಜಾಗದಲ್ಲಿ ಹೀಗೆ ಬಿಡಿಸದೆ 3221ನ್ನು ಇಡಿಯಾಗಿ ಒಂದು ಬೈಟಿಗೆ ತುರುಕುವ ಸಾಲೊಂದಿತ್ತು. ಸೇರಿನ ಪಾತ್ರೆಗೆ ಖಂಡುಗ ಸುರಿದ ಹಾಗೆ. ಬರೆದವರದು ದ್ವೇಷವೇನಲ್ಲ. ಅವರ ಊರಿನಲ್ಲಿ ಅಂಥ ಹೆಸರಿನ ಫೈಲು ಯಾರೂ ಇಟ್ಟಿರಲಿಲ್ಲ, ಅಷ್ಟೇ.

ಸುಲಭದ ದಾರಿ ಇತ್ತು. ಹತ್ತು ನಿಮಿಷದ ಸ್ಕ್ರಿಪ್ಟ್ ಬರೆದು 212 ಹೆಸರುಗಳನ್ನೂ ಇಂಗ್ಲಿಷ್ ಅಕ್ಷರಕ್ಕೆ ತಿರುಗಿಸುವುದು. ಬರೆದೆ ಕೂಡ. ಓಡಿಸುವ ಮೊದಲು ಫಲಿತಾಂಶ ನೋಡಿದರೆ ಬಾಳಪ್ಪನೂ ಬಾಲಪ್ಪನೂ ಒಬ್ಬನೇ ಆಗಿಬಿಟ್ಟಿದ್ದರು. ಅಪ್ಪನ ಪಟ್ಟಿಯಲ್ಲಿ ಅವರು ಬೇರೆ ಬೇರೆ ಊರಿನ ಇಬ್ಬರು ಹಾಡುಗಾರರು. ಸ್ಕ್ರಿಪ್ಟ್ ಅಳಿಸಿದೆ.

ಸರಿ, ಸರ್ವರನ್ನೇ ತಿದ್ದೋಣವೆಂದು ಕೂತೆ. ಮೊದಲ ತಿದ್ದುಪಡಿಯಲ್ಲಿ ನನ್ನದು ಅತಿ ಉತ್ಸಾಹ. ಪಟ್ಟಿಯ ಸಾಲನ್ನಷ್ಟೇ ಅಲ್ಲ, ಅಂಥ ಸಾಲು ಕಂಡಲ್ಲೆಲ್ಲ ಬದಲಿಸಿ ಕಳಿಸಿದೆ. ಪಟ್ಟಿಯೇನೋ ಚಂದವಾಗಿ ಬಂತು, ಕ್ಲಿಕ್ ಮಾಡಿದರೆ ಫೈಲೇ ಸಿಗದು! ಬ್ರೌಸರಿನಿಂದ ಬರುವ ವಿಳಾಸ ಆಗಲೇ ಬೈಟುಗಳಾಗಿ ಬಿಡಿಸಿಕೊಂಡು ಬಂದಿರುತ್ತದೆ. ನಾನು ಅದನ್ನು ಇನ್ನೊಮ್ಮೆ ಬಿಡಿಸಿದ್ದೆ. ‘ಕನ್ನಡ’ ಎಂಬ ಪದಕ್ಕೆ ಬೇಕಾದದ್ದು 15 ಬೈಟು, ನನ್ನ ಕೈಚಳಕದಲ್ಲಿ 30 ಆಗಿ ಕೂತಿತ್ತು. ಹದಿನೈದು ವರ್ಷದ ಅನುಭವದವನು ಮಾಡುವ ತಪ್ಪೇ ಇದು?

ಯೋಜನೆ ನೋಡಿಕೊಳ್ಳುವ ಪುಣ್ಯಾತ್ಮ ಬೇರೆ ಖಂಡದಲ್ಲಿರುವವರು, ಸಂಬಳವಿಲ್ಲದೆ ಬಿಡುವಿನಲ್ಲಿ ಈ ಕೆಲಸ ಮಾಡುವವರು. ಬೈಯಲಿಲ್ಲ. ಒಂದೇ ಮಾತು ಕೇಳಿದರು: ಇದನ್ನು ಪರೀಕ್ಷಿಸುವ ಟೆಸ್ಟ್ ಎಲ್ಲಿ? ನನಗೆ ನಾಚಿಕೆಯಾಯಿತು. ಆಫೀಸಿನಲ್ಲಿ ಜೂನಿಯರ್‌ಗಳಿಗೆ ದಿನಾ ನಾನೇ ಹೇಳುವ ಪಾಠ ಅದು.

ಮತ್ತೆ ಕೂತೆ. ಮೂರು ವಾರದ ರಾತ್ರಿಗಳ ನಂತರ ಉಳಿದ ತಿದ್ದುಪಡಿ ನಾಲ್ಕೇ ಸಾಲು. ಟೆಸ್ಟ್ ಮಾತ್ರ ನಲವತ್ತು ಸಾಲು. ಅದರಲ್ಲಿ ‘ಕನ್ನಡ’ ಎಂಬ ಹೆಸರಿನ ಒಂದು ಫೈಲು, ತೆಲುಗಿನಲ್ಲಿ ‘ಹೈದರಾಬಾದ್’ ಎಂದು ಬರೆದ ಇನ್ನೊಂದು. ಯೂನಿಕೋಡಿನಲ್ಲೂ ತೆಲುಗು, ಕನ್ನಡ ಅಕ್ಕಪಕ್ಕದ ಮನೆಗಳೇ. ತೆಲುಗಿನ 128 ಸ್ಥಾನ ಮುಗಿದ ಕೂಡಲೇ ಕನ್ನಡದ 128 ಶುರು. ಇಷ್ಟು ವರ್ಷ ಈ ಊರಿನ ನೀರು ಕುಡಿದವನು ಅಷ್ಟಾದರೂ ಮಾಡಬೇಡವೇ?

ತಿದ್ದುಪಡಿ ಒಪ್ಪಿಗೆಯಾಯಿತು. ಇನ್ನು ಮುಂದೆ ಜಗತ್ತಿನ ಯಾವ ಮೂಲೆಯವರು ಆ ಸರ್ವರಿನ ಕೋಡ್ ಮುಟ್ಟಿದರೂ ‘ಕನ್ನಡ’ ಎಂಬ ಫೈಲು ಸರಿಯಾಗಿ ತೆರೆದುಕೊಂಡರೆ ಮಾತ್ರ ಅವರ ಟೆಸ್ಟ್ ಪಾಸು. ಅವರಿಗೆ ಅದನ್ನು ಓದಲು ಬರಬೇಕೆಂದಿಲ್ಲ.

ಅಪ್ಪನಿಗೆ ಫೋನು ಮಾಡಿ, ಹೆಸರು ಬದಲಿಸುವುದು ಬೇಡ ಎಂದೆ. ‘ಹಾಂ, ತೆರೀತು’ ಎಂದರು. ಸ್ವಲ್ಪ ಹೊತ್ತು ಮಾತಿಲ್ಲ. ಆಚೆಯಿಂದ ಏಕತಾರಿಯ ಸದ್ದು, ಹಿಂದೆಯೇ ಮುದಿ ದನಿಯೊಂದು ಕೇಳಿಸಿತು. ಬಾಳಪ್ಪನದೋ ಬಾಲಪ್ಪನದೋ ನನಗೆ ತಿಳಿಯಲಿಲ್ಲ. ಅಪ್ಪನಿಗೆ ಗೊತ್ತು, ಫೈಲಿನ ಹೆಸರಿನಲ್ಲೂ ಇದೆ.

ಒಂದು ಕೋರಿಕೆ. ನೀವು ಬಳಸುವ ಯಾವುದಾದರೂ ಸಾಫ್ಟ್‌ವೇರ್ ಕನ್ನಡದ ಹೆಸರಿಗೆ ಮುಗ್ಗರಿಸಿದರೆ ತಕ್ಷಣ ಇಂಗ್ಲಿಷಿಗೆ ಬದಲಿಸಿಕೊಂಡು ಸುಮ್ಮನಾಗಬೇಡಿ. ಕೋಡ್ ಬರೆಯಲು ಬಾರದಿದ್ದರೂ ಏನು ಮಾಡಿದಾಗ ಏನಾಯಿತೆಂದು ಅದನ್ನು ಮಾಡಿದವರಿಗೆ ನಾಲ್ಕು ಸಾಲು ಬರೆದು ತಿಳಿಸಿ. ಮುಂದಿನ ತಿಂಗಳು ಅಂಕಣ ತಪ್ಪದು.