ಹೆಸರಿಟ್ಟ ಮೇಲೆ



ಮಕ್ಕಳ ಕಣ್ಣೀರಿಗೆ ದೊಡ್ಡ ಕಾರಣ, ಚಿಕ್ಕ ಕಾರಣ ಎಂಬ ಭೇದವಿಲ್ಲ. ಆಟದ ಸಾಮಾನು ಮುರಿದರೂ ಅಳುತ್ತಾರೆ, ಅಜ್ಜ ತೀರಿಕೊಂಡರೂ ಅಳುತ್ತಾರೆ. ಇವೆರಡರ ನಡುವೆ ಇನ್ನೊಂದು ಅಳು ಇದೆ. ಅದು ಮನೆಯಲ್ಲಿ ಸಾಕಿದ ಪ್ರಾಣಿ ಸತ್ತಾಗ ಬರುವ ಅಳು. ಆ ಹೊತ್ತಿನಲ್ಲಿ ಏನು ಹೇಳಬೇಕು, ಏನು ಮಾಡಬೇಕು ಎಂದು ತಂದೆತಾಯಿಗೆ ತೋಚುವುದಿಲ್ಲ. ಈ ತಿಂಗಳು ಅದರ ಬಗ್ಗೆಯೇ ಒಂದಿಷ್ಟು ಯೋಚಿಸೋಣ.

ನಮ್ಮ ಹಿಂದೂಪುರ, ಕಲ್ಯಾಣದುರ್ಗದ ಕಡೆ ಸಾಕುಪ್ರಾಣಿ ಎಂದರೆ ದನ, ಕುರಿ, ಮೇಕೆ, ಕೋಳಿ, ಕಾವಲಿಗೊಂದು ನಾಯಿ. ಎಲ್ಲವೂ ಏನಾದರೂ ಕೆಲಸಕ್ಕೆ ಬರುವಂಥವು. ಆದರೆ ಹಿಂದೂಪುರದಿಂದ ಬೆಂಗಳೂರು ನೂರು ಕಿಲೋಮೀಟರಿನಷ್ಟೇ ದೂರ. ಅಲ್ಲಿನ ಪ್ರಾಣಿಗಳ ಅಂಗಡಿಯಿಂದ ಮೊದಲು ಗಾಜಿನ ಪೆಟ್ಟಿಗೆಯ ಮೀನು ಬಂತು, ಆಮೇಲೆ ಲವ್ ಬರ್ಡ್ಸ್ ಬಂದವು, ಈಗ ಹ್ಯಾಮ್‌ಸ್ಟರ್ ಕೂಡ ಬರುತ್ತಿದೆ. ನೋಡದವರಿಗಾಗಿ ಹೇಳುತ್ತೇನೆ: ಅಂಗೈಯಲ್ಲಿ ಕೂರುವಷ್ಟು ಚಿಕ್ಕ ಪ್ರಾಣಿ, ಇಲಿಯ ದೂರದ ನೆಂಟ. ಬಾಲ ಇದೆಯೋ ಇಲ್ಲವೋ ಎನ್ನುವಷ್ಟು ಮೋಟು. ಕೆನ್ನೆಯ ಒಳಗೆ ಚೀಲವಿದೆ. ಕಾಳು ಕೊಟ್ಟರೆ ಅಲ್ಲಿ ತುಂಬಿಕೊಂಡು ಹೋಗಿ ಮೂಲೆಯಲ್ಲಿ ಕೂಡಿಡುತ್ತದೆ. ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಓಟ. ಇದರ ಮೂಲ ಸಿರಿಯಾ ದೇಶ. 1930ರಲ್ಲಿ ಇಸ್ರೇಲ್ ಅಹರೋನಿ ಎಂಬ ಪ್ರಾಣಿಶಾಸ್ತ್ರಜ್ಞರು ಅಲೆಪ್ಪೋ ನಗರದ ಬಳಿ ಹೊಲದ ಬಿಲದಿಂದ ಒಂದು ತಾಯಿಯನ್ನೂ ಅದರ ಮರಿಗಳನ್ನೂ ಅಗೆದು ತೆಗೆಸಿದರು. ಜಗತ್ತಿನ ಮನೆಮನೆಗಳಲ್ಲಿ ಇಂದು ಸಾಕುವ ಹೊಂಬಣ್ಣದ ಹ್ಯಾಮ್‌ಸ್ಟರ್‌ಗಳಲ್ಲಿ ಹೆಚ್ಚಿನವು ಆ ಒಂದೇ ಬಿಲದ ಸಂತತಿ.

ಇದರ ಆಯುಷ್ಯ ಎರಡರಿಂದ ಮೂರು ವರ್ಷ ಮಾತ್ರ. ಬಿಸಿಲನ್ನು ತಡೆಯುವ ಶಕ್ತಿಯೂ ಕಡಿಮೆ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗೆ ಪಂಜರ ಇಟ್ಟರೆ ಅದು ಬದುಕುವುದು ಕಷ್ಟ. ಅಂದರೆ ಎರಡನೇ ತರಗತಿಯ ಮಗುವಿಗೆ ಹ್ಯಾಮ್‌ಸ್ಟರ್ ತಂದುಕೊಟ್ಟರೆ, ಐದನೇ ತರಗತಿಗೆ ಬರುವಷ್ಟರಲ್ಲಿ ಆ ಮಗು ಒಂದು ಸಾವನ್ನು ನೋಡಿಯೇ ನೋಡುತ್ತದೆ. ತರುವಾಗ ಇದನ್ನು ಯೋಚಿಸುವವರು ಕಡಿಮೆ.

ಒಂದು ಬೆಳಿಗ್ಗೆ ಪಂಜರದಲ್ಲಿ ಸದ್ದಿಲ್ಲ. ಮಗು ಅಳಲು ಶುರುಮಾಡುತ್ತದೆ. ಆಗ ಮನೆಯಲ್ಲಿ ಸಾಮಾನ್ಯವಾಗಿ ಮೂರು ಮಾತು ಕೇಳಿಬರುತ್ತವೆ. ಒಂದು, 'ಅದು ನಿದ್ದೆ ಮಾಡ್ತಿದೆ, ನೀನು ಸ್ಕೂಲಿಗೆ ಹೋಗು.' ಸಂಜೆ ಬರುವಷ್ಟರಲ್ಲಿ ಪಂಜರ ಖಾಲಿ. ಎರಡು, 'ಅಳಬೇಡ ಕಂದಾ, ಬೆಂಗಳೂರಿನಿಂದ ಇನ್ನೊಂದು ತರೋಣ.' ಮೂರನೆಯದು ಅಪ್ಪನದೋ ಅಜ್ಜನದೋ ಮಾತು: 'ಒಂದು ಇಲಿಗೆ ಇಷ್ಟೆಲ್ಲಾ ಯಾಕೆ? ಕಸದ ಗಾಡಿಗೆ ಹಾಕಿಬಿಡಿ.'

ಮೂರನೆಯ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಅದೇ ಮನೆಯ ಅಡುಗೆಕೋಣೆಯಲ್ಲಿ ಇಲಿಬೋನು ಇರುತ್ತದೆ. ಕಡಲೆಕಾಯಿ ಮೂಟೆ ಇಟ್ಟ ಕೋಣೆಯಲ್ಲಿ ಇಲಿಪಾಷಾಣವೂ ಇರುತ್ತದೆ. ಒಂದು ಇಲಿಯನ್ನು ಕೊಂದು ಇನ್ನೊಂದಕ್ಕೆ ಸಮಾಧಿ ಕಟ್ಟುವುದೇ ಎಂದು ಅಜ್ಜ ಕೇಳಿದರೆ ಏನೆಂದು ಉತ್ತರ ಕೊಡುವುದು?

ಉತ್ತರ ಮಗುವಿನ ಬಳಿ ಇದೆ. ಮಗು ಇದಕ್ಕೆ ಹೆಸರಿಟ್ಟಿದೆ. ಚಿಂಟು ಎಂದೋ, ಬಬ್ಲು ಎಂದೋ ಕರೆದಿದೆ. ದಿನವೂ ಕಾಳು ಹಾಕಿದೆ, ನೀರು ಬದಲಿಸಿದೆ. ಆದಿಕಾಂಡದಲ್ಲಿ ದೇವರು ಪ್ರಾಣಿಪಕ್ಷಿಗಳನ್ನೆಲ್ಲ ಆದಾಮನ ಬಳಿಗೆ ತಂದದ್ದು ಹೆಸರಿಡುವುದಕ್ಕಾಗಿ ಎಂಬುದನ್ನು ನೆನಪಿಸಿಕೊಳ್ಳಿ. ಹೆಸರಿಡುವುದು ಆಟದ ಮಾತಲ್ಲ. ಹೆಸರಿಟ್ಟ ಮೇಲೆ ಅದು ನಮ್ಮ ಹೊಣೆ. ಆ ಹೊಣೆ ಅದರ ಉಸಿರು ನಿಂತ ಕೂಡಲೇ ಮುಗಿಯುವುದಿಲ್ಲ ಎಂದು ಮಗುವಿಗೆ ಅನ್ನಿಸುತ್ತದೆ. ಅನ್ನಿಸುವುದು ಸರಿಯಾಗಿಯೇ ಇದೆ.

ಇದು ಪಟ್ಟಣದವರ ಹೊಸ ಶೋಕಿ ಎಂದುಕೊಳ್ಳಬೇಡಿ. ನಮ್ಮ ಸೀಮೆಯವರಿಗೆ ವೀರಗಲ್ಲು ಗೊತ್ತು. ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿ ಇರುವುದು ನಮ್ಮ ಮಗ್ಗುಲಲ್ಲೇ. ಊರಿಗಾಗಿ, ದನಕರುಗಳಿಗಾಗಿ ಹೋರಾಡಿ ಸತ್ತವರಿಗೆ ಕಲ್ಲು ನಿಲ್ಲಿಸುವುದು ಹಿಂದಿನವರ ಪದ್ಧತಿ. ಅಂಥ ಕಲ್ಲನ್ನು ಒಂದು ನಾಯಿಗೂ ನಿಲ್ಲಿಸಿದ್ದಾರೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ ಶಾಸನ ಅದು. ಕಾಲ ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೇ ಕೃಷ್ಣ ಮತ್ತು ಗಂಗರ ಇಮ್ಮಡಿ ಬೂತುಗ ಸೇರಿ ತಕ್ಕೋಲದ ಯುದ್ಧದಲ್ಲಿ ಚೋಳರನ್ನು ಸೋಲಿಸಿದರು. ಆ ಯುದ್ಧದಲ್ಲಿ ಶೌರ್ಯ ತೋರಿಸಿದ ಮಣಲೆರನಿಗೆ 'ಏನು ಬೇಕೋ ಕೇಳು' ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಕಾಳಿ ಒಂದು ದೊಡ್ಡ ಕಾಡುಹಂದಿಯೊಡನೆ ಸೆಣಸಿತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅದರ ನೆನಪಿಗೆ ಊರಿನ ದೇವಸ್ಥಾನದ ಮುಂದೆ ಕಲ್ಲು ನೆಟ್ಟು, ಭೂಮಿಯನ್ನು ದತ್ತಿ ಬಿಟ್ಟು, ಆ ಕಲ್ಲನ್ನು ನೋಡಿಕೊಳ್ಳದೆ ಉಣ್ಣಬಾರದು ಎಂದು ಅಲ್ಲಿನ ಗೊರವನಿಗೆ ಕಟ್ಟುಮಾಡಿದರು. ನಾಯಿಯೂ ಹಂದಿಯೂ ಕಾದಾಡುವ ಚಿತ್ರವಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬೆಂಗಳೂರಿಗೆ ಹೋದಾಗ ಮಕ್ಕಳಿಗೆ ತೋರಿಸಿ. ಸಾವಿರಕ್ಕೂ ಹೆಚ್ಚು ವರ್ಷ ಕಳೆದರೂ ಕಾಳಿ ಎಂಬ ಹೆಸರು ಅಳಿದಿಲ್ಲ.

'ಕಾಳಿ ಶೂರ ನಾಯಿ. ಹ್ಯಾಮ್‌ಸ್ಟರ್ ಏನು ಮಾಡಿತು?' ಎಂದು ಕೇಳಬಹುದು. ಏನೂ ಮಾಡಲಿಲ್ಲ, ನಿಜ. ಆದರೆ ಪ್ರಭು ಯೇಸು ಗುಬ್ಬಚ್ಚಿಗಳ ಮಾತೆತ್ತಿದಾಗ ಅವುಗಳ ಶೌರ್ಯವನ್ನಾಗಲಿ ಉಪಯೋಗವನ್ನಾಗಲಿ ಎಣಿಸಲಿಲ್ಲ. ಸಂತೆಯಲ್ಲಿ ಕಾಸಿಗೆ ಎರಡರಂತೆ ಮಾರುವ ಆ ಹಕ್ಕಿಗಳಲ್ಲಿ ಒಂದು ನೆಲಕ್ಕೆ ಬಿದ್ದರೂ ತಂದೆಗೆ ಗೊತ್ತು ಎಂದರು. ಬೆಲೆಯಿಲ್ಲದ್ದು ಎಂದು ನಾವು ಬಿಟ್ಟದ್ದನ್ನೂ ದೇವರು ಲೆಕ್ಕದಲ್ಲಿ ಇಟ್ಟಿದ್ದಾನೆ.

ಹಾಗೆಂದು ಮಿತಿಯೂ ಬೇಕು. ಧರ್ಮಸಭೆ 1992ರಲ್ಲಿ ಹೊರತಂದ ಧರ್ಮೋಪದೇಶ ಗ್ರಂಥದ 2416ರಿಂದ 2418ನೇ ಪರಿಚ್ಛೇದಗಳು ಎರಡೂ ಕಡೆಯನ್ನು ತೂಗಿ ಹೇಳುತ್ತವೆ. ಪ್ರಾಣಿಗಳಿಗೆ ದಯೆ ತೋರಿಸುವುದು ನಮ್ಮ ಕರ್ತವ್ಯ, ಅವನ್ನು ಪ್ರೀತಿಸುವುದು ತಪ್ಪಲ್ಲ. ಆದರೆ ಮನುಷ್ಯರಿಗೆ ಸಲ್ಲಬೇಕಾದ ಪ್ರೀತಿಯನ್ನು ಅವಕ್ಕೆ ಕೊಡಬಾರದು, ಬಡವರ ಕಷ್ಟಕ್ಕೆ ಹೋಗಬೇಕಾದ ಹಣವನ್ನು ಅವುಗಳ ಮೇಲೆ ಸುರಿಯಬಾರದು. ಆದ್ದರಿಂದ ಗ್ರಾನೈಟ್ ಕಲ್ಲು, ಕೆತ್ತನೆ, ಫಲಕ ಯಾವುದೂ ಬೇಡ. ಬೇಕಾದದ್ದು ಒಂದು ಚಿಕ್ಕ ಜಾಗ, ಒಂದು ಗಿಡ, ಅರ್ಧ ಗಂಟೆಯ ಸಮಯ.

ಮಾಡುವ ಕ್ರಮ ಹೀಗೆ. ಮೊದಲು ಸತ್ತಿದೆಯೇ ಎಂದು ಖಚಿತ ಮಾಡಿಕೊಳ್ಳಿ. ಚಳಿ ತೀರಾ ಹೆಚ್ಚಿದಾಗ ಹ್ಯಾಮ್‌ಸ್ಟರ್ ಮೈ ತಣ್ಣಗಾಗಿ, ಉಸಿರು ನಿಧಾನವಾಗಿ, ಸತ್ತಂತೆಯೇ ಮಲಗುವುದುಂಟು. ನಮ್ಮಲ್ಲಿ ಅಷ್ಟು ಚಳಿ ಅಪರೂಪ, ಆದರೂ ಸ್ವಲ್ಪ ಹೊತ್ತು ಬೆಚ್ಚಗೆ ಇಟ್ಟು ನೋಡುವುದು ಒಳ್ಳೆಯದು. ಆಮೇಲೆ ತಡಮಾಡಬೇಡಿ, ನಮ್ಮ ಬಿಸಿಲಿಗೆ ಅದೇ ದಿನ ಮಣ್ಣು ಮಾಡಬೇಕು. ಬರಿಗೈಯಲ್ಲಿ ಮುಟ್ಟದೆ ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿ ರಟ್ಟಿನ ಡಬ್ಬಿಯಲ್ಲಿಡಿ. ಪ್ಲಾಸ್ಟಿಕ್ ಬೇಡ, ಅದು ಮಣ್ಣಿನಲ್ಲಿ ಕರಗುವುದಿಲ್ಲ. ಬಾವಿ, ಬೋರ್‌ವೆಲ್ ಮತ್ತು ತರಕಾರಿ ಮಡಿಯಿಂದ ದೂರದಲ್ಲಿ ಕನಿಷ್ಠ ಎರಡು ಅಡಿ ಆಳದ ಗುಂಡಿ ತೋಡಿ. ನಮ್ಮ ಕೆಂಪುನೆಲ ಗಟ್ಟಿ. ಹಾರೆ ಹಿಡಿಯುವುದು ಅಪ್ಪನ ಕೆಲಸವಾಗಲಿ, ಮೊದಲ ಹಿಡಿ ಮಣ್ಣು ಮಗುವಿನ ಕೈಯಿಂದ ಬೀಳಲಿ. ಮುಚ್ಚಿದ ಮೇಲೆ ಬೀದಿನಾಯಿ ಕೆದಕದಂತೆ ಒಂದು ತುಂಡು ಕಡಪ ಕಲ್ಲು ಇಡಿ. ಅದರ ಮೇಲೆ ಮಗುವೇ ಬಣ್ಣದಲ್ಲಿ ಹೆಸರು ಬರೆಯಲಿ, ಕನ್ನಡದಲ್ಲೋ ತೆಲುಗಿನಲ್ಲೋ, ಅದರ ಇಷ್ಟ. ಕೊನೆಗೆ ಎಲ್ಲರೂ ಸೋಪು ಹಚ್ಚಿ ಕೈ ತೊಳೆಯಿರಿ. ಪಂಜರವನ್ನೂ ಚೆನ್ನಾಗಿ ತೊಳೆದು ಒಣಗಿಸಿ.

ಹಿಂದೂಪುರದ ಬಾಡಿಗೆ ಮನೆಯಲ್ಲಿ ಸಿಮೆಂಟು ಬಿಟ್ಟರೆ ಅಂಗೈಯಗಲ ಮಣ್ಣೂ ಇಲ್ಲ ಎನ್ನುವವರು ಹಲವರಿದ್ದಾರೆ. ಒಂದೂವರೆ ಅಡಿ ಆಳದ ದೊಡ್ಡ ಕುಂಡವಿದ್ದರೆ ಇಷ್ಟು ಚಿಕ್ಕ ಪ್ರಾಣಿಗೆ ಸಾಕು. ಅದೂ ಆಗದಿದ್ದರೆ ಮಾಲೀಕರನ್ನು ಕೇಳಿ ಒಂದು ಮೂಲೆ ಪಡೆಯಿರಿ. ದೇಹವನ್ನು ಹಿಡಿದುಕೊಂಡು ಕಲ್ಯಾಣದುರ್ಗದ ಅಜ್ಜಿಯ ಮನೆಗೆ ಬಸ್ಸಿನಲ್ಲಿ ಹೋಗುವುದು ಬೇಡ. ಆದರೆ ಮುಂದಿನ ರಜೆಯಲ್ಲಿ ಅಜ್ಜಿಯ ಹಿತ್ತಲಲ್ಲಿ ನೆನಪಿನ ಗಿಡ ನೆಡುವುದಕ್ಕೆ ಅಡ್ಡಿಯಿಲ್ಲ. ನೆನಪಿಗೆ ದೇಹ ಅಲ್ಲೇ ಇರಬೇಕೆಂದಿಲ್ಲ.

ಗಿಡ ಆರಿಸುವಾಗ ನೀರಿನ ಕಷ್ಟ ಮರೆಯಬೇಡಿ. ದೇಶದಲ್ಲೇ ಮಳೆ ಅತಿ ಕಡಿಮೆ ಬೀಳುವ ಸೀಮೆಗಳಲ್ಲಿ ನಮ್ಮದೂ ಒಂದು. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಾತ್ರ. ಹೂ ಬೇಕೆಂದರೆ ನಿತ್ಯಪುಷ್ಪ ಒಳ್ಳೆಯದು. ಬಿಸಿಲಿಗೆ ಜಗ್ಗುವುದಿಲ್ಲ, ಮೇಕೆಯೂ ಬಾಯಿ ಹಾಕುವುದಿಲ್ಲ. ಅದರ ಎಲೆಯನ್ನು ಮಕ್ಕಳು ಬಾಯಿಗಿಡದಂತೆ ಮಾತ್ರ ನೋಡಿಕೊಳ್ಳಿ. ಅಕ್ಕಿ ತೊಳೆದ ನೀರು ಅದಕ್ಕೆ ಸಾಕು. ಪಕ್ಕದಲ್ಲಿ ಹ್ಯಾಮ್‌ಸ್ಟರ್‌ನ ಹಳೆಯ ನೀರಿನ ಬಟ್ಟಲನ್ನು ತೊಳೆದಿಟ್ಟು ದಿನವೂ ತುಂಬಿಸಲು ಮಗುವಿಗೆ ಹೇಳಿ. ಬೇಸಿಗೆಯಲ್ಲಿ ಗುಬ್ಬಿಗಳು ಬಂದು ಕುಡಿಯುತ್ತವೆ. ಸತ್ತ ಪ್ರಾಣಿಗೆ ಮಾಡುತ್ತಿದ್ದ ಸೇವೆ ಬದುಕಿರುವ ಹಕ್ಕಿಗೆ ಮುಂದುವರಿಯುತ್ತದೆ.

'ಶಿಲುಬೆ ನೆಡಬಹುದೇ? ಫಾದರ್ ಬಂದು ಪ್ರಾರ್ಥನೆ ಮಾಡುತ್ತಾರೆಯೇ?' ಎಂದು ಮಕ್ಕಳು ಕೇಳುತ್ತಾರೆ. ಧರ್ಮಸಭೆಯ ಅಂತ್ಯಸಂಸ್ಕಾರ ವಿಧಿ ಮನುಷ್ಯರಿಗಾಗಿ ಇರುವುದು. ಸಮಾಧಿಯ ಮೇಲಿನ ಶಿಲುಬೆ ಪುನರುತ್ಥಾನದ ನಂಬಿಕೆಯ ಗುರುತು. ಆದ್ದರಿಂದ ಹೆಸರಿನ ಕಲ್ಲೇ ಸಾಕು ಎಂದು ಮೃದುವಾಗಿ ತಿಳಿಹೇಳಿ. ಆದರೆ ಮನೆಯವರು ಸುತ್ತ ನಿಂತು ದೇವರಿಗೆ ಕೃತಜ್ಞತೆ ಹೇಳುವುದಕ್ಕೆ ಯಾರ ಅಪ್ಪಣೆಯೂ ಬೇಡ. 'ದೇವರೇ, ಇದನ್ನು ಇಷ್ಟು ದಿನ ನಮಗೆ ಕೊಟ್ಟಿದ್ದಕ್ಕೆ ವಂದನೆ. ಇದನ್ನು ಸೃಷ್ಟಿಸಿದವರು ನೀವೇ, ನಿಮ್ಮ ಕೈಗೇ ಒಪ್ಪಿಸುತ್ತೇವೆ.' ಇಷ್ಟು ಸಾಕು.

ಇನ್ನು ಕಷ್ಟದ ಪ್ರಶ್ನೆ: 'ಅದು ಸ್ವರ್ಗಕ್ಕೆ ಹೋಗುತ್ತಾ?' ಹೌದೆಂದು ಆಣೆಯಿಡಬೇಡಿ, ಇಲ್ಲವೆಂದು ಗದರಿಸಬೇಡಿ. ಸೃಷ್ಟಿಯೇ ಬಿಡುಗಡೆಗಾಗಿ ಕಾಯುತ್ತಿದೆ ಎಂದು ಸಂತ ಪೌಲರು ರೋಮನರಿಗೆ ಬರೆದಿದ್ದಾರೆ. ಜಗದ್ಗುರು ಫ್ರಾನ್ಸಿಸ್‌ರವರು 2015ರಲ್ಲಿ 'ಲೌದಾತೋ ಸೀ' ವಿಶ್ವಪತ್ರದ ಕೊನೆಯಲ್ಲಿ, ನಿತ್ಯಜೀವದಲ್ಲಿ ಪ್ರತಿ ಸೃಷ್ಟಿಯೂ ಹೊಸ ಕಾಂತಿಯೊಡನೆ ತನ್ನ ಸ್ಥಾನ ಪಡೆಯುತ್ತದೆ ಎಂಬ ಭರವಸೆಯ ಮಾತು ಬರೆದರು. 'ಹೇಗೆ ಎಂದು ನಮಗೆ ಗೊತ್ತಿಲ್ಲ ಕಂದಾ, ಆದರೆ ದೇವರು ತಾನು ಮಾಡಿದ ಯಾವುದನ್ನೂ ಮರೆಯುವುದಿಲ್ಲ' ಎಂದು ಹೇಳಿದರೆ ಸುಳ್ಳೂ ಆಗದು, ಮಗುವಿಗೆ ಸಮಾಧಾನವೂ ಸಿಗುತ್ತದೆ.

'ನಿದ್ದೆ ಮಾಡ್ತಿದೆ' ಎಂಬ ಮಾತು ಮಾತ್ರ ಬೇಡ. ಆ ರಾತ್ರಿ ಮಗು ತಾನು ಮಲಗಲು ಹೆದರಬಹುದು. 'ಸತ್ತುಹೋಯಿತು' ಎಂದೇ ಹೇಳಿ. 'ನಾನು ನೀರು ಹಾಕೋದು ಮರೆತೆ, ಅದಕ್ಕೇ ಸತ್ತಿತಾ?' ಎಂದು ಒಳಗೊಳಗೇ ಕೊರಗುವ ಮಕ್ಕಳೂ ಇದ್ದಾರೆ. ಅದರ ಆಯುಷ್ಯವೇ ಅಷ್ಟು ಎಂಬುದನ್ನು ಬಿಡಿಸಿ ಹೇಳಿ. ಕೂಡಲೇ ಇನ್ನೊಂದನ್ನು ತರಬೇಡಿ. ಹೋದದ್ದರ ಜಾಗಕ್ಕೆ ಅಂಗಡಿಯಿಂದ ಇನ್ನೊಂದು ಬರುತ್ತದೆ ಎಂಬ ಪಾಠವನ್ನು ಮಗು ಕಲಿಯಬಾರದು. ಯಾಕೆಂದರೆ ನಾಳೆ ಅಜ್ಜಿ ಹೋದಾಗ ಯಾವ ಅಂಗಡಿಯಿಂದ ಏನನ್ನು ತರುತ್ತೀರಿ?

ಪ್ರಿಯರೇ, ನವೆಂಬರ್ 2ರಂದು ನಾವು ಸಮಾಧಿಭೂಮಿಗೆ ಹೋಗಿ ಕಳೆ ಕಿತ್ತು, ಸುಣ್ಣ ಬಳಿದು, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತೇವೆ. ಮಕ್ಕಳು ಆಚೀಚೆ ಆಟವಾಡುತ್ತಿರುತ್ತಾರೆ, ಇದೆಲ್ಲ ಯಾಕೆಂದು ಅವರಿಗೆ ಅರ್ಥವಾಗುವುದಿಲ್ಲ. ಹಿತ್ತಲಿನ ಒಂದು ಚಿಕ್ಕ ಕಲ್ಲಿಗೆ ನೀರು ಚಿಮುಕಿಸಿ, ಗಿಡದ ಒಣಎಲೆ ಕಿತ್ತು ಅಭ್ಯಾಸವಿರುವ ಮಗುವಿಗೆ ಮಾತ್ರ ಅರ್ಥವಾಗುತ್ತದೆ. ಯಾರೂ ಹೇಳದೆ ಅದು ಅಜ್ಜನ ಸಮಾಧಿಯ ಬಳಿ ಕೂತು ಹುಲ್ಲು ಕೀಳುತ್ತದೆ, ಕಲ್ಲಿನ ಮೇಲಿನ ಹೆಸರನ್ನು ಕೈಯಿಂದ ಒರೆಸಿ ಓದುತ್ತದೆ.